ಎಂಟನೇ ಕ್ರಾಸ್, ಯಾವ ಬಡಾವಣೆ?

ಮೊನ್ನೆ ಭಾನುವಾರ ಊಟ ಮುಗಿಸಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಕೊರಿಯರ್ ಹುಡುಗನ ಫೋನ್ ಬಂತು.

"ಸಾರ್, ಎಂಟನೇ ಕ್ರಾಸಲ್ಲೇ ನಿಂತಿದೀನಿ. ನಿಮ್ಮನೆ ನಂಬರ್ ಕಾಣ್ತಾ ಇಲ್ಲ."

"ಎದುರಿಗೆ ಏನಿದೆಯಪ್ಪಾ?"

"ಗಣಪತಿ ದೇವಸ್ಥಾನ ಸಾರ್. ಪಕ್ಕದಲ್ಲೊಂದು ಬೇಕರಿ."

ನಮ್ಮ ಎಂಟನೇ ಕ್ರಾಸಿನಲ್ಲೂ ಗಣಪತಿ ದೇವಸ್ಥಾನವಿದೆ, ಪಕ್ಕದಲ್ಲಿ ಬೇಕರಿಯೂ ಇದೆ. ಆದರೆ ಹುಡುಗ ನಿಂತಿದ್ದದ್ದು ಮೂರು ಕಿಲೋಮೀಟರ್ ಆಚೆಯ ಇನ್ನೊಂದು ಬಡಾವಣೆಯಲ್ಲಿ. ಕಳಿಸಿದವರು ಮನೆ ನಂಬರ್ ಬರೆದಿದ್ದರು, ಮೇನ್ ಬರೆದಿದ್ದರು, ಕ್ರಾಸ್ ಬರೆದಿದ್ದರು. ಬಡಾವಣೆಯ ಹೆಸರು ಮಾತ್ರ ಬಿಟ್ಟಿದ್ದರು. ಬೆಂಗಳೂರಿನಲ್ಲಿ ಮಲ್ಲೇಶ್ವರದಲ್ಲೂ ಎಂಟನೇ ಕ್ರಾಸ್ ಇದೆ, ವಿಲ್ಸನ್ ಗಾರ್ಡನ್‌ನಲ್ಲೂ ಇದೆ. ಬರೀ ಎಂಟನೇ ಕ್ರಾಸ್ ಅಂದರೆ ಆ ಹುಡುಗ ಎಲ್ಲಿಗೆಂದು ಹೋಗಬೇಕು?

ಅವನಿಗೆ ದಾರಿ ಹೇಳಿ ಫೋನ್ ಇಟ್ಟ ಮೇಲೆ ಮನಸ್ಸು ನೇರವಾಗಿ ನನ್ನ ಕಸುಬಿನ ಕಡೆ ಹೊರಳಿತು. ಸಣ್ಣ ಯಂತ್ರಗಳ ಹೊಟ್ಟೆಯಲ್ಲಿ ಕೂರುವ ಪುಟ್ಟ ಚಿಪ್ಪುಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಅನ್ನ. ಆ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಪಾಲು ಈ ಕೊರಿಯರ್ ಹುಡುಗನ ಕಷ್ಟವೇ. ಮನೆ ನಂಬರ್ ಒಂದೇ ಇದ್ದರೆ ಸಾಲದು, ಬಡಾವಣೆಯೂ ಬೇಕು.

ಅಂಚೆ ಇಲಾಖೆಯವರಿಗೆ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. ನಮ್ಮ ರಾಜ್ಯದಲ್ಲೇ ಹೊಸಹಳ್ಳಿಗಳು ಎಷ್ಟಿವೆ ಎಣಿಸಿ ನೋಡಿ. ದೇಶದ ಲೆಕ್ಕಕ್ಕೆ ಹೋದರೆ ಒಂದೇ ಹೆಸರಿನ ಊರುಗಳಿಗೆ ಕೊನೆಯೇ ಇಲ್ಲ. ಅದಕ್ಕೇ 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಬಂತು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಆ ಹೊತ್ತಿಗೇ, ಅದೇ 1972ರ ಸುಮಾರಿಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಗೆ ರೂಪ ಕೊಡುತ್ತಿದ್ದರು. ಅವರ ಮುಂದಿದ್ದದ್ದು ಪಿಡಿಪಿ-11 ಯಂತ್ರ. ಒಂದು ಪ್ರೋಗ್ರಾಮಿಗೆ ಕಾಣುತ್ತಿದ್ದದ್ದು ಒಂದೇ ಸಾಲಿನಲ್ಲಿ ಜೋಡಿಸಿದಂತಿದ್ದ ಮೆಮೊರಿ. ಹಾಗಾಗಿ ಅವರು ಮಾಡಿದ ಪಾಯಿಂಟರಿನಲ್ಲಿ, ಅಂದರೆ ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್ಲಿನಲ್ಲಿ, ಮನೆ ನಂಬರ್ ಮಾತ್ರ ಇತ್ತು. ಊರೇ ಒಂದಿದ್ದಾಗ ಊರಿನ ಹೆಸರು ಯಾರಿಗೆ ಬೇಕು?

ಬೇಕಾಯಿತು, ಎಂಟೇ ವರ್ಷದಲ್ಲಿ.

1980ರಲ್ಲಿ ಇಂಟೆಲ್ ಕಂಪನಿ 8051 ಎಂಬ ಮೈಕ್ರೋಕಂಟ್ರೋಲರ್ ಹೊರತಂದಿತು. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರು ಯಾರೇ ಆಗಲಿ, ಅದರ 40 ಕಾಲುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಯೇ ಇರುತ್ತಾರೆ. ಅದರೊಳಗೆ ಪ್ರೋಗ್ರಾಮಿಗೆಂದು 4 ಕಿಲೋಬೈಟ್ ರೋಮ್. ಬರೆದು ಅಳಿಸಲಿಕ್ಕೆ 128 ಬೈಟ್ ರ‍್ಯಾಮ್. 128 ಕಿಲೋಬೈಟ್ ಅಲ್ಲ, ಬರೀ 128 ಬೈಟ್. ಅದರಲ್ಲೂ 32 ಬೈಟ್ ರಿಜಿಸ್ಟರುಗಳ ಪಾಲು, 16 ಬೈಟ್ ಒಂದೊಂದೇ ಬಿಟ್ ಮುಟ್ಟುವ ಸವಲತ್ತಿನ ಜಾಗ. ಉಳಿದದ್ದು 80. ಅಷ್ಟು ಸಾಲದಿದ್ದರೆ ಹೊರಗಡೆ 64 ಕಿಲೋಬೈಟ್‌ವರೆಗೆ ರ‍್ಯಾಮ್ ಚಿಪ್ಪು ಕೂರಿಸಬಹುದು. ಪ್ರೋಗ್ರಾಮಿಗೆ ಮತ್ತೊಂದು 64 ಕಿಲೋಬೈಟ್.

ಇಲ್ಲಿದೆ ಎಂಟನೇ ಕ್ರಾಸಿನ ಕಥೆ. ಹೆಕ್ಸ್ 20 ಎಂಬ ವಿಳಾಸ ಒಳಗಿನ ರ‍್ಯಾಮಿನಲ್ಲಿದೆ. ಅದೇ ಹೆಕ್ಸ್ 20 ಹೊರಗಿನ ರ‍್ಯಾಮಿನಲ್ಲಿದೆ, ಪ್ರೋಗ್ರಾಮಿನ ಜಾಗದಲ್ಲೂ ಇದೆ. ಮೂರೂ ಬೇರೆಬೇರೆ ಮನೆ. ಈ ಚಿಪ್ಪಿನ ತಮ್ಮ 8052 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಹೆಕ್ಸ್ 80ರಿಂದ ಮೇಲಿನ ವಿಳಾಸಕ್ಕೆ ನೇರವಾಗಿ ಹೋದರೆ ಸಿಗುವುದು ಚಿಪ್ಪಿನ ನಿಯಂತ್ರಣದ ರಿಜಿಸ್ಟರುಗಳು. ಪಾಯಿಂಟರ್ ಹಿಡಿದು ಬಳಸಿಕೊಂಡು ಹೋದರೆ ಸಿಗುವುದು ರ‍್ಯಾಮ್. ಮುಂಬಾಗಿಲಿನಿಂದ ಹೊಕ್ಕರೆ ಒಬ್ಬರ ಮನೆ, ಹಿತ್ತಿಲಿನಿಂದ ಹೊಕ್ಕರೆ ಇನ್ನೊಬ್ಬರ ಮನೆ.

ಇಂಥ ಊರಿಗೆ ಸಿ ಭಾಷೆಯನ್ನು ತರಬೇಕಾದಾಗ ಕೈಲ್ ಕಂಪನಿಯ ಸಿ51 ಕಂಪೈಲರ್ ಬರೆದವರು ಹೂಡಿದ ಉಪಾಯ ಪಿನ್ ಕೋಡಿನ ಉಪಾಯವೇ. ಅವರ ಸಾಮಾನ್ಯ ಪಾಯಿಂಟರ್ ಮೂರು ಬೈಟಿನದು. ಎರಡು ಬೈಟಿನಲ್ಲಿ ಮನೆ ನಂಬರ್, ಒಂದು ಬೈಟಿನಲ್ಲಿ ಬಡಾವಣೆ. ಆ ಬೈಟ್ 0 ಆಗಿದ್ದರೆ ಒಳಗಿನ ರ‍್ಯಾಮ್, 1 ಆಗಿದ್ದರೆ ಹೊರಗಿನ ರ‍್ಯಾಮ್, ಹೆಕ್ಸ್ ಎಫ್‌ಎಫ್ ಆಗಿದ್ದರೆ ಪ್ರೋಗ್ರಾಮಿನ ಜಾಗ. ಈ ಪಾಯಿಂಟರ್ ಎಲ್ಲಿಗೆ ಬೇಕಾದರೂ ಹೋಗಿ ಬರುತ್ತದೆ. ಆದರೆ ಪ್ರತಿ ಸಲವೂ ಮೊದಲು ಬಡಾವಣೆ ಯಾವುದೆಂದು ಓದಿ, ಆಮೇಲೆ ದಾರಿ ಹಿಡಿಯಬೇಕು. ಅದಕ್ಕೊಂದು ಲೈಬ್ರರಿ ಫಂಕ್ಷನ್ನಿಗೆ ಕರೆ ಹೋಗುತ್ತದೆ, ಹೊತ್ತು ಹಿಡಿಯುತ್ತದೆ. ಇಂಥ ಬಡಾವಣೆ ಎಂದು ಮೊದಲೇ ಗೊತ್ತಿದ್ದರೆ ಡಿಕ್ಲರೇಷನ್ನಿನಲ್ಲೇ ಬರೆದುಬಿಡಬಹುದು: ಇದು ಎಕ್ಸ್‌ಡೇಟಾಕ್ಕೆ (ಹೊರಗಿನ ರ‍್ಯಾಮಿಗೆ) ಮಾತ್ರ ಹೋಗುವ ಪಾಯಿಂಟರ್, ಎರಡು ಬೈಟ್ ಸಾಕು; ಇದು ಡೇಟಾಕ್ಕೆ (ಒಳಗಿನ ರ‍್ಯಾಮಿಗೆ) ಮಾತ್ರ, ಒಂದೇ ಬೈಟ್ ಸಾಕು.

ಹೊಸಬರು ಎಡವುವ ಕಲ್ಲೊಂದು ಇಲ್ಲೇ ಇದೆ. ಎಕ್ಸ್‌ಡೇಟಾ ಎಂಬ ಪದ ನಕ್ಷತ್ರ ಚಿಹ್ನೆಯ ಎಡಕ್ಕಿದ್ದರೆ, ಪಾಯಿಂಟರ್ ತೋರಿಸುವ ವಸ್ತು ಹೊರಗಿನ ರ‍್ಯಾಮಿನಲ್ಲಿದೆ ಎಂದರ್ಥ. ಬಲಕ್ಕಿದ್ದರೆ, ಪಾಯಿಂಟರೇ ಹೊರಗಿನ ರ‍್ಯಾಮಿನಲ್ಲಿ ಕೂತಿದೆ ಎಂದರ್ಥ. ಮದುವೆ ಎಲ್ಲಿ ಎನ್ನುವುದು ಒಂದು ಮಾತು, ಲಗ್ನಪತ್ರಿಕೆಯನ್ನು ಮನೆಯಲ್ಲಿ ಎಲ್ಲಿಟ್ಟಿದ್ದೇವೆ ಎನ್ನುವುದು ಇನ್ನೊಂದು ಮಾತು. ಮದುವೆ ಧಾರವಾಡದಲ್ಲಿದ್ದರೂ ಪತ್ರಿಕೆ ನಮ್ಮ ಕಪಾಟಿನಲ್ಲೇ ಇರಬಹುದಲ್ಲ. ನನ್ನ ಜೊತೆ ಕೆಲಸ ಮಾಡುವ ಮಕ್ಕಳಿಗೆ ಇದನ್ನು ಹೀಗೆ ಹೇಳಿದ ಮೇಲೆ ಮತ್ತೆ ಯಾರೂ ಮರೆತಿಲ್ಲ.

ಇನ್ನು ಮೆಮೊರಿ ಮಾಡೆಲ್ ಎನ್ನುವುದು. ಸಿ51ರಲ್ಲಿ ಅವು ಮೂರು: ಸ್ಮಾಲ್, ಕಾಂಪ್ಯಾಕ್ಟ್, ಲಾರ್ಜ್. ನಾವು ಏನನ್ನೂ ಹೇಳದೆ ಬಿಟ್ಟ ವೇರಿಯಬಲ್‌ಗಳನ್ನು ಕಂಪೈಲರ್ ಎಲ್ಲಿಡಬೇಕು ಎನ್ನುವುದರ ಕಟ್ಟಳೆ ಅದು. ಇದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮಜ್ಜಿಯ ಅಡುಗೆಮನೆಯಿಂದ. ಒಲೆಯ ಪಕ್ಕದಲ್ಲಿ ಒಗ್ಗರಣೆ ಡಬ್ಬಿ. ಸಾಸಿವೆ, ಜೀರಿಗೆ, ಇಂಗು, ಅರಿಶಿನ ಎಲ್ಲ ಕೈ ಚಾಚಿದರೆ ಸಿಗಬೇಕು. ಅದು ಸ್ಮಾಲ್. ಗೋಡೆಯ ಗೂಡಿನಲ್ಲಿ ವಾರಕ್ಕೆ ಬೇಕಾಗುವ ಬೇಳೆ, ಬೆಲ್ಲ. ಎದ್ದು ಎರಡು ಹೆಜ್ಜೆ ಹೋಗಬೇಕು. ಅದು ಕಾಂಪ್ಯಾಕ್ಟ್, 256 ಬೈಟಿನ ಒಂದು ಪುಟ. ವರ್ಷದ ಅಕ್ಕಿ, ರಾಗಿ, ಹುಣಿಸೆಹಣ್ಣು ಅಟ್ಟದ ಮೇಲೆ. ಅದು ಲಾರ್ಜ್.

ಅಟ್ಟ ಹತ್ತಲು ಏಣಿ ಬೇಕು. 8051ರ ಅಟ್ಟಕ್ಕೆ ಡಿಪಿಟಿಆರ್ ಎಂಬ ರಿಜಿಸ್ಟರೊಂದೇ ಏಣಿ. ಒಳಗಿನ ರ‍್ಯಾಮಿನಿಂದ ಒಂದು ಬೈಟ್ ತರಲು ಒಂದು ಮೆಷಿನ್ ಸೈಕಲ್ ಸಾಕು. 12 ಮೆಗಾಹರ್ಟ್ಸ್ ಗಡಿಯಾರದಲ್ಲಿ ಅದು 1 ಮೈಕ್ರೋಸೆಕೆಂಡ್. ಹೊರಗಿನಿಂದ ತರಬೇಕಾದರೆ ಏಣಿ ಇಡಲು ಎರಡು ಸೈಕಲ್, ಹತ್ತಿ ತರಲು ಎರಡು ಸೈಕಲ್, ಒಟ್ಟು 4 ಮೈಕ್ರೋಸೆಕೆಂಡ್. ಅಟ್ಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೂಟೆ ಸಾಗಿಸಬೇಕಾದರಂತೂ ಏಣಿಯನ್ನು ಅಲ್ಲಿಂದಿಲ್ಲಿಗೆ ಎಳೆದಾಡಿ ಸೊಂಟ ಬೀಳುತ್ತದೆ. ಈ ಕಷ್ಟ ಕಂಡೇ ಮುಂದೆ ಕೆಲವು ಕಂಪನಿಗಳು ಎರಡು ಏಣಿಯ 8051ಗಳನ್ನು ಮಾಡಿದವು. ಅಜ್ಜಿ ಯಾವತ್ತೂ ಸಾಸಿವೆಯನ್ನು ಅಟ್ಟದ ಮೇಲಿಡಲಿಲ್ಲ, ಅಕ್ಕಿ ಮೂಟೆಯನ್ನು ಒಲೆಯ ಪಕ್ಕಕ್ಕೆ ತರಲಿಲ್ಲ. ದೊಡ್ಡ ಸ್ಟ್ರಕ್ಚರುಗಳು ಅಕ್ಕಿ ಮೂಟೆಗಳು. ಲೂಪಿನಲ್ಲಿ ಓಡಾಡುವ ಎಣಿಕೆಯ ವೇರಿಯಬಲ್‌ಗಳು ಸಾಸಿವೆ. ಹಾಗಾಗಿ ಮಾಡೆಲ್ ಸ್ಮಾಲ್ ಇಟ್ಟುಕೊಂಡು, ದೊಡ್ಡದನ್ನು ಮಾತ್ರ ಕೈಯಾರೆ ಎಕ್ಸ್‌ಡೇಟಾ ಎಂದು ಬರೆಯುವುದು ನನ್ನ ಪದ್ಧತಿ. ಹೇಗೂ ಜಾಗ ಇದೆಯಲ್ಲ ಎಂದು ಇಡೀ ಪ್ರೋಗ್ರಾಮನ್ನು ಲಾರ್ಜ್‌ಗೆ ತಳ್ಳಿದರೆ ಒಗ್ಗರಣೆಗೂ ಏಣಿ ಹತ್ತಬೇಕಾಗುತ್ತದೆ.

ಅಡುಗೆಮನೆಗೆ ಹೋದರೆ ನಾನು ಬೇಗ ಹೊರಗೆ ಬರುವವನಲ್ಲ. ಇರಲಿ, ಈಗ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೋಗೋಣ. ನೀಲಿ ಪರದೆಯ ಟರ್ಬೊ ಸಿ ನೆನಪಿದೆಯಲ್ಲವೇ? ಅದರ ಮೆನುವಿನಲ್ಲಿ ಟೈನಿ, ಸ್ಮಾಲ್, ಮೀಡಿಯಂ, ಕಾಂಪ್ಯಾಕ್ಟ್, ಲಾರ್ಜ್, ಹ್ಯೂಜ್ ಎಂದು ಆರು ಮಾಡೆಲ್ ಇದ್ದವು. ಅವೆಲ್ಲ ಬಂದದ್ದು 1978ರ 8086 ಚಿಪ್ಪಿನಿಂದ. ಆ ಚಿಪ್ಪಿಗೆ ಒಂದು ಮೆಗಾಬೈಟ್ ಮೆಮೊರಿ ಮುಟ್ಟುವ ಶಕ್ತಿಯಿತ್ತು, ಆದರೆ ರಿಜಿಸ್ಟರ್ 16 ಬಿಟ್‌ನದು. ಅದರಿಂದ 64 ಕಿಲೋಬೈಟ್‌ಗಿಂತ ದೂರ ಎಣಿಸಲಾಗದು. ಅದಕ್ಕೆ ಎರಡು ಸಂಖ್ಯೆ ಇಟ್ಟರು. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿದರೆ ನಿಜವಾದ ವಿಳಾಸ. ಆಫ್‌ಸೆಟ್ ಮಾತ್ರ ಇದ್ದರೆ ನಿಯರ್ ಪಾಯಿಂಟರ್, ಎರಡೂ ಇದ್ದರೆ ಫಾರ್.

ಇದರಿಂದ ಒಂದು ವಿಚಿತ್ರ ಹುಟ್ಟಿತು. ಹೆಕ್ಸ್ ಲೆಕ್ಕದಲ್ಲಿ 1000 ಸೆಗ್ಮೆಂಟಿನ 20ನೇ ಆಫ್‌ಸೆಟ್ಟೂ, 1002 ಸೆಗ್ಮೆಂಟಿನ 0ನೇ ಆಫ್‌ಸೆಟ್ಟೂ ಒಂದೇ ಬೈಟ್: 10020. ಹೀಗೆ ಒಂದೇ ಬೈಟಿಗೆ 4096 ಹೆಸರುಗಳವರೆಗೆ ಇರಬಹುದು. ನಮ್ಮೂರಲ್ಲಿ ಒಬ್ಬರಿದ್ದರು. ಮನೆಯವರಿಗೆ ಪುಟ್ಟಣ್ಣ, ಹೊಲದ ಕಡೆಯವರಿಗೆ ಪಟೇಲರು, ಬ್ಯಾಂಕಿನ ಪುಸ್ತಕದಲ್ಲಿ ಅವರ ತಾತನ ಹೆಸರು. ಹೆಸರು ನೋಡಿ ಹೋಲಿಸಿದರೆ ಮೂವರು, ಮುಖ ನೋಡಿದರೆ ಒಬ್ಬರೇ. ಫಾರ್ ಪಾಯಿಂಟರುಗಳನ್ನು ಹೋಲಿಸಿದಾಗ ಆಗುವುದು ಅದೇ: ಬೈಟ್ ಒಂದೇ ಆದರೂ ಸಮವಲ್ಲ ಎಂಬ ಉತ್ತರ. ಹ್ಯೂಜ್ ಪಾಯಿಂಟರ್ ಪ್ರತಿ ವಿಳಾಸವನ್ನೂ ಒಂದೇ ನಿಗದಿತ ರೂಪಕ್ಕೆ ತಂದು ಇಟ್ಟುಕೊಳ್ಳುತ್ತದೆ, ಎಲ್ಲರನ್ನೂ ಶಾಲೆಯ ದಾಖಲಾತಿಯ ಹೆಸರಿನಿಂದಲೇ ಕರೆದ ಹಾಗೆ. ಇನ್ನೊಂದು ದೊಡ್ಡ ವ್ಯತ್ಯಾಸವೂ ಉಂಟು. ಫಾರ್ ಪಾಯಿಂಟರನ್ನು ಮುಂದೆ ಸರಿಸಿದರೆ ಆಫ್‌ಸೆಟ್ ಮಾತ್ರ ಸರಿಯುತ್ತದೆ. 64 ಕಿಲೋಬೈಟ್ ಮುಗಿಯಿತೋ, ಮುಂದಿನ ಬೀದಿಗೆ ಹೋಗುವ ಬದಲು ಅದೇ ಬೀದಿಯ ಮೊದಲ ಮನೆಗೆ ವಾಪಸ್ಸು ಬರುತ್ತದೆ. ಸದ್ದಿಲ್ಲದೆ ಬರುತ್ತದೆ.

ಈ ಸದ್ದಿಲ್ಲದೆ ಎನ್ನುವ ಮಾತಿಗೇ ನಾನು ಇಷ್ಟು ಸುತ್ತಿ ಬಂದದ್ದು.

ಬಹಳ ವರ್ಷಗಳ ಹಿಂದೆ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳ್ಳಿಯ ಹಾಲಿನ ಡೇರಿಗಳಿಗೆ ತೂಕ, ಫ್ಯಾಟು ಬರೆದಿಟ್ಟು ಚೀಟಿ ಕೊಡುವ ಯಂತ್ರ ಮಾಡುತ್ತಿದ್ದೆವು. ಒಬ್ಬರು ಒಂದು ಹೊತ್ತು ಹಾಲು ಹಾಕಿದರೆ ಒಂದು ದಾಖಲೆ. ಸದಸ್ಯರ ಸಂಖ್ಯೆ, ತಾರೀಖು, ಹೊತ್ತು, ತೂಕ, ಫ್ಯಾಟ್, ಕೊನೆಯಲ್ಲಿ ದರ, ಮೊತ್ತ. ಎಲ್ಲ ಸೇರಿ 48 ಬೈಟಿನ ಸ್ಟ್ರಕ್ಚರ್. ಮೊದಲ ಯಂತ್ರದಲ್ಲಿ 8051 ಇತ್ತು, 200 ದಾಖಲೆಗೆ 9,600 ಬೈಟ್, ಹೊರಗಿನ ರ‍್ಯಾಮಿನಲ್ಲಿ ಸುಖವಾಗಿತ್ತು. ಯಂತ್ರ ಊರೂರಿಗೆ ಹೋಯಿತು, ಬೇಡಿಕೆ ಬೆಳೆಯಿತು. ಎರಡನೇ ಯಂತ್ರಕ್ಕೆ ಸಿ166 ಜಾತಿಯ 16 ಬಿಟ್ ಚಿಪ್ಪು ತಂದೆವು. ಸೀಮೆನ್ಸ್ ರೂಪಿಸಿದ, ಮುಂದೆ ಇನ್‌ಫಿನಿಯನ್ ಕೈಗೆ ಬಂದ ಈ ಚಿಪ್ಪುಗಳು ಕಾರಿನ ಎಂಜಿನ್ ನಿಯಂತ್ರಣದಲ್ಲಿ ಹೆಸರು ಮಾಡಿದಂಥವು. 16 ಮೆಗಾಬೈಟ್ ವಿಳಾಸದ ಹರವು. ಇನ್ನೇನು ಬೇಕು ಎಂದುಕೊಂಡೆವು.

ಆ ಚಿಪ್ಪು ಡೇಟಾವನ್ನು 16 ಕಿಲೋಬೈಟಿನ ಪುಟಗಳಾಗಿ ನೋಡುತ್ತದೆ. ಅದರ ಕಂಪೈಲರಿನಲ್ಲಿ ಫಾರ್ ಅಂದರೆ ಎಲ್ಲಿಗೆ ಬೇಕಾದರೂ ಹೋಗುವ ಪಾಯಿಂಟರ್ ಹೌದು, ಆದರೆ ಅದು ತೋರಿಸುವ ವಸ್ತು 16 ಕಿಲೋಬೈಟ್ ದಾಟುವಂತಿಲ್ಲ. ಎಣಿಕೆ ನಡೆಯುವುದು 14 ಬಿಟ್‌ನಲ್ಲಿ ಮಾತ್ರ. ಹ್ಯೂಜ್ ಅಂದರೆ 64 ಕಿಲೋಬೈಟ್‌ವರೆಗೆ. ಮಿತಿಯೇ ಬೇಡವೆಂದರೆ ಎಕ್ಸ್‌ಹ್ಯೂಜ್. ಟರ್ಬೊ ಸಿಯ ಫಾರ್ ಬೇರೆ, ಇಲ್ಲಿಯ ಫಾರ್ ಬೇರೆ. ಹೆಸರು ಮಾತ್ರ ಒಂದು. ದೊಡ್ಡ ಅರೇಯನ್ನು ಫಾರ್ ಎಂದು ನೇರವಾಗಿ ಬರೆದಿದ್ದರೆ ಕಂಪೈಲರೇ ತಡೆಯುತ್ತಿತ್ತು. ನಾವು ರ‍್ಯಾಮ್ ಚಿಪ್ಪಿನ ಆರಂಭದ ವಿಳಾಸವನ್ನು ಫಾರ್ ಪಾಯಿಂಟರಿಗೆ ಕಾಸ್ಟ್ ಮಾಡಿ, ಅಲ್ಲಿಂದ ದಾಖಲೆಗಳನ್ನು ಒಂದರ ಹಿಂದೊಂದು ಬರೆಯುತ್ತಾ ಹೋದೆವು. ಕಂಪೈಲರಿಗೆ ನಮ್ಮ ಸಾಲು ಎಷ್ಟು ಉದ್ದ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಒಂದು ದೊಡ್ಡ ಊರಿನ ಡೇರಿಯಿಂದ ದೂರು ಬಂತು. ದಿನವೂ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಹಾಲು ತರುವ ಒಬ್ಬ ಅಜ್ಜಿ. ಬೆಳಿಗ್ಗೆ ಅವರಿಗೆ ಸಿಕ್ಕ ಚೀಟಿ ಸರಿಯಾಗಿದೆ. ರಾತ್ರಿ ತೆಗೆದ ದಿನದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆ ಸಾಲಿನಲ್ಲಿ ಯಾವುದೋ ಅರ್ಥವಿಲ್ಲದ ಸಂಖ್ಯೆ, ಆದರೆ ಕೊನೆಯಲ್ಲಿ ಮೊತ್ತ ಮಾತ್ರ ಅವರದೇ. ಎಲ್ಲ ದಿನವೂ ಅಲ್ಲ, ಕೆಲವು ದಿನ. ನಾನೂ ನನ್ನ ಗೆಳೆಯನೂ ಬಸ್ಸು ಹತ್ತಿ ಆ ಊರಿಗೆ ಹೋಗಿ ಎರಡು ದಿನ ಕೂತೆವು. ಕಾರ್ಯದರ್ಶಿಯವರು ಪಟ್ಟಿಗಳನ್ನು ಮುಂದಿಟ್ಟರು. ತಪ್ಪಾದ ದಿನಗಳಲ್ಲೆಲ್ಲ ಎರಡು ಹೊತ್ತಿನ ದಾಖಲೆಗಳು 341 ದಾಟಿದ್ದವು.

ಚೀಟಿಯ ಹಿಂದೆಯೇ ಲೆಕ್ಕ ಹಾಕಿದೆ. 341 ದಾಖಲೆಗೆ 16,368 ಬೈಟ್. ಪುಟ ಮುಗಿಯುವುದು 16,384ಕ್ಕೆ. 342ನೆಯ ದಾಖಲೆಯ ಮೊದಲ 16 ಬೈಟಿಗೆ ಜಾಗ ಸಿಕ್ಕಿತು, ಉಳಿದ 32 ಬೈಟ್ ಪುಟದ ಆರಂಭಕ್ಕೆ ಸುತ್ತಿ ಬಂದು ಅಜ್ಜಿಯ ದಾಖಲೆಯ ಮೊದಲ 32 ಬೈಟಿನ ಮೇಲೆ ಕೂತಿತು. ಅವರ ಸಂಖ್ಯೆ, ತಾರೀಖು, ತೂಕ ಹೋದವು. ಕೊನೆಯ 16 ಬೈಟಿನಲ್ಲಿದ್ದ ದರ, ಮೊತ್ತ ಉಳಿದವು. ಸಂಜೆ ಕೊನೆಗೆ ಬಂದವರ ಹಾಲು ಬೆಳಿಗ್ಗೆ ಮೊದಲು ಬಂದವರ ಹೆಸರನ್ನು ಅಳಿಸಿತ್ತು.

ಅಜ್ಜಿಗೆ ಹಣ ತಪ್ಪಲಿಲ್ಲ. ಬೆಳಗಿನ ಚೀಟಿಗಳನ್ನೆಲ್ಲ ಸೆರಗಿನ ಗಂಟಿನಲ್ಲಿ ಜೋಪಾನ ಮಾಡಿದ್ದರು. "ಮಷಿನ್ನು ಮರೆತರೂ ಚೀಟಿ ಮರೀತದೇನಪ್ಪ?" ಎಂದರು. ನಾವು ಪಾಯಿಂಟರನ್ನು ಹ್ಯೂಜ್‌ಗೆ ಬದಲಿಸಿದೆವು. ಒಂದೇ ಪದದ ತಿದ್ದುಪಡಿ. ಆದರೆ ಹ್ಯೂಜ್‌ಗೂ 64 ಕಿಲೋಬೈಟಿನ ಬೇಲಿ ಇದೆ, 1,365 ದಾಖಲೆ ತುಂಬಿದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಅದಕ್ಕೂ ಮೊದಲೇ ತಡೆದು, ಪರದೆಯ ಮೇಲೆ ತಿಳಿಸುವ ನಾಲ್ಕು ಸಾಲನ್ನೂ ಸೇರಿಸಿದೆವು. ನನ್ನ ಮಟ್ಟಿಗೆ ಆ ನಾಲ್ಕು ಸಾಲು ಆ ಒಂದು ಪದಕ್ಕಿಂತ ದೊಡ್ಡದು.

"ಅದೆಲ್ಲ ಹಳೇ ಕಾಲದ ಮಾತು ಸರ್, ಈಗ 32 ಬಿಟ್ ಅಲ್ವಾ?" ಎಂದು ನಮ್ಮ ತಂಡದ ಹುಡುಗಿ ಒಮ್ಮೆ ಕೇಳಿದಳು. ನಿಜವೇ. ಆರ್ಮ್ ಕಾರ್ಟೆಕ್ಸ್-ಎಂ ಚಿಪ್ಪುಗಳಲ್ಲಿ 4 ಗಿಗಾಬೈಟಿನ ವಿಳಾಸ ಒಂದೇ ಸಾಲಿನಲ್ಲಿದೆ, ಎಲ್ಲ ಪಾಯಿಂಟರೂ ನಾಲ್ಕು ಬೈಟ್. ಪಿಡಿಪಿ-11ರ ಸುಖ ಮತ್ತೆ ಬಂದಿದೆ. ಹಾಗಂತ ಬಡಾವಣೆಗಳು ಮಾಯವಾಗಿಲ್ಲ. ಆರ್ಡುಯಿನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪನ್ನೇ ನೋಡಿ: 32 ಕಿಲೋಬೈಟ್ ಫ್ಲ್ಯಾಷ್, 2 ಕಿಲೋಬೈಟ್ ರ‍್ಯಾಮ್. ದೊಡ್ಡ ಕೋಷ್ಟಕವೊಂದನ್ನು ಬರೀ ಕಾನ್ಸ್ಟ್ ಎಂದು ಬರೆದರೆ ಅದು ಆ 2 ಕಿಲೋಬೈಟಿನಲ್ಲೇ ಬಂದು ಕೂರುತ್ತದೆ. ಪ್ರೋಗ್‌ಮೆಮ್ ಎಂದು ಬರೆದು ಫ್ಲ್ಯಾಷಿನಲ್ಲೇ ಉಳಿಸಿದರೆ, ಓದಲಿಕ್ಕೂ ಬೇರೆ ಫಂಕ್ಷನ್ ಬೇಕು. ಮಾಮೂಲಿ ಪಾಯಿಂಟರಿನಿಂದ ಓದಿದರೆ ರ‍್ಯಾಮಿನ ಅದೇ ನಂಬರಿನ ಮನೆಯಲ್ಲಿರುವ ಕಸ ಕೈಗೆ ಬರುತ್ತದೆ. ಸಿ ಭಾಷೆಯ ಮಾನಕ ಸಮಿತಿಯೂ 2004ರಲ್ಲಿ ಎಂಬೆಡೆಡ್ ಸಿ ಬಗ್ಗೆ ತಂದ ತಾಂತ್ರಿಕ ವರದಿಯಲ್ಲಿ, ಹೆಸರಿಟ್ಟ ವಿಳಾಸ ವಲಯಗಳಿಗೆ ಭಾಷೆಯೊಳಗೇ ಒಂದು ಜಾಗ ತೋರಿಸಿತು.

ಕೇಳಿದ ಆ ಹುಡುಗಿಯೇ ಆರು ತಿಂಗಳ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಸರ್, ವಿಳಾಸ ಸರಿ ಇದೆ, ಪಾಯಿಂಟರ್ ಸರಿ ಇದೆ, ಕೈಯಿಂದ ಬರೆದರೆ ಬರೀತದೆ. ಡಿಎಂಎ ಮಾತ್ರ ಎರರ್ ಕೊಡ್ತಿದೆ." ಚಿಪ್ಪು ಎಸ್‌ಟಿಎಂ32ಎಫ್407. ಅದರ 192 ಕಿಲೋಬೈಟ್ ರ‍್ಯಾಮಿನಲ್ಲಿ 64 ಕಿಲೋಬೈಟ್ ಪ್ರೊಸೆಸರಿಗೇ ಅಂಟಿಕೊಂಡದ್ದು. ಅಲ್ಲಿಗೆ ಡಿಎಂಎಗೆ, ಅಂದರೆ ಪ್ರೊಸೆಸರಿನ ಕೈಯಿಲ್ಲದೆ ತಾನೇ ಡೇಟಾ ಸಾಗಿಸುವ ಭಾಗಕ್ಕೆ, ದಾರಿಯೇ ಇಲ್ಲ. ಇವಳ ದೊಡ್ಡ ಬಫರ್ ಅಲ್ಲೇ ಕೂತಿತ್ತು. "ಮನೆ ನಂಬರ್ ಸರಿ ಇದೆಯಮ್ಮ, ಆದರೆ ಆ ಬೀದಿಗೆ ಲಾರಿ ಹೋಗೋದಿಲ್ಲ" ಎಂದೆ. ಅವಳೇ ಲಿಂಕರ್ ಸ್ಕ್ರಿಪ್ಟ್ ತೆರೆದು ಬಫರನ್ನು ಲಾರಿ ಹೋಗುವ ಬೀದಿಗೆ ಸಾಗಿಸಿದಳು. ಈಗ ತಂಡದಲ್ಲಿ ಯಾರೇ ಹೊಸ ಬಫರ್ ಸೇರಿಸಲಿ, ಅದು ಯಾವ ಜಾಗದಲ್ಲಿದೆ ಎಂದು ಮೊದಲು ಕೇಳುವವಳು ಅವಳೇ.

ಕೊರಿಯರ್ ಹುಡುಗ ಅರ್ಧ ಗಂಟೆಯ ಮೇಲೆ ಬಂದ. ನೀರು ಕುಡಿದು, ಪೆನ್ನು ತೆಗೆದು, ಪೊಟ್ಟಣದ ಮೇಲೆ ನಮ್ಮ ಬಡಾವಣೆಯ ಹೆಸರನ್ನು ಕೈಯಲ್ಲೇ ಬರೆದ. "ವಾಪಸ್ ಬಂದ್ರೆ ಬೇರೆಯೋರಿಗೂ ಗೊತ್ತಾಗ್ಲಿ ಸಾರ್" ಅಂದ.

ಈ ಕಸುಬಿನಲ್ಲಿರುವ ಎಳೆಯರಿಗೆ ನಾನು ಕೇಳಿಕೊಳ್ಳುವುದೂ ಅಷ್ಟೇ. ದೊಡ್ಡ ಸ್ಟ್ರಕ್ಚರ್ ಒಂದನ್ನು ಕಟ್ಟಿದಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ಮೆಮೊರಿಯಲ್ಲಿದೆ, ಅಲ್ಲಿಗೆ ಯಾರ‍್ಯಾರು ಹೋಗಬೇಕು, ಇದು ಎಷ್ಟರವರೆಗೆ ಬೆಳೆಯಬಹುದು. ಉತ್ತರವನ್ನು ಪಾಯಿಂಟರಿನ ಡಿಕ್ಲರೇಷನ್ನಿನಲ್ಲೂ ಪಕ್ಕದ ಕಾಮೆಂಟಿನಲ್ಲೂ ಬರೆದಿಡಿ. ಆಮೇಲೆ ಲಿಂಕರ್ ಕೊಡುವ ಮ್ಯಾಪ್ ಫೈಲನ್ನು ತೆರೆದು, ನೀವು ಬರೆದದ್ದೂ ಅದು ಹೇಳುವುದೂ ಒಂದೇ ಹೌದೋ ಅಲ್ಲವೋ ಕಣ್ಣಾರೆ ನೋಡಿ. ನಿಮ್ಮ 342ನೆಯ ದಾಖಲೆಯ ಆಚೆ ತುದಿಯಲ್ಲಿ ಯಾರೋ ಒಬ್ಬರು ನಸುಕಿನಲ್ಲೇ ಎದ್ದು ಹಾಲು ಕರೆದು ತಂದಿರುತ್ತಾರೆ.